ಥಯಾಮಿನ್ ಕೊರತೆಯ ಮಿದುಳು ರೋಗಗಳು

ಥಯಾಮಿನ್ ಅಂದರೆ ವಿಟಮಿನ್ ಬಿ1. ದೇಹದಲ್ಲಿ ಇದು ತೀರಾ ಕಡಿಮೆಯಾದಾಗ ಮಿದುಳಿನ ಕೆಲವು ನಿರ್ದಿಷ್ಟ ಭಾಗಗಳು ದಿನಗಳ ಲೆಕ್ಕದಲ್ಲಿ ಕೆಡುತ್ತವೆ. ಹೀಗೆ ಎರಗುವ ತುರ್ತು ಸ್ಥಿತಿಗೆ ವೆರ್ನಿಕೆ ಎನ್ಸೆಫಲೋಪತಿ ಎಂದು ಹೆಸರು. ಚಿಕಿತ್ಸೆ ತಡವಾಗಿಯೋ ಅರೆಬರೆಯಾಗಿಯೋ ಸಿಕ್ಕಿ ಜೀವ ಉಳಿದವರಲ್ಲಿ ನೆಲೆಯೂರುವ ಮರೆವಿನ ಕಾಯಿಲೆ ಕೊರ್ಸಕೋವ್ ಸಿಂಡ್ರೋಮ್. ಎರಡೂ ಒಂದೇ ರೋಗದ ಎರಡು ಘಟ್ಟಗಳಾದ್ದರಿಂದ ವೈದ್ಯಗ್ರಂಥಗಳು ವೆರ್ನಿಕೆ-ಕೊರ್ಸಕೋವ್ ಎಂದು ಜೋಡಿಸಿಯೇ ಬರೆಯುತ್ತವೆ. ಇದೇ ಕೊರತೆ ಕೈಕಾಲಿನ ನರಗಳನ್ನು ಹಿಡಿದರೆ ಒಣ ಬೆರಿಬೆರಿ, ಹೃದಯವನ್ನು ಹಿಡಿದು ಮೈ ಬಾತುಕೊಂಡರೆ ಹಸಿ ಬೆರಿಬೆರಿ.

ಮದ್ದು ಅಗ್ಗದ್ದು, ಕೊಡುವುದೂ ಸುಲಭ. ಆದರೂ ಈ ರೋಗ ವೈದ್ಯರ ಕೈತಪ್ಪಿ ಹೋಗುವುದೇ ಹೆಚ್ಚು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೈವ್ ಹಾರ್ಪರ್ ಮತ್ತು ಸಂಗಡಿಗರು, ಮರಣೋತ್ತರ ಪರೀಕ್ಷೆಯಲ್ಲಿ ಈ ರೋಗವೆಂದು ಖಚಿತವಾದ 131 ಮಂದಿಯ ಆಸ್ಪತ್ರೆ ಕಡತಗಳನ್ನು ತಿರುವಿಹಾಕಿ 1986ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಬದುಕಿದ್ದಾಗಲೇ ರೋಗ ಗುರುತಾಗಿದ್ದುದು ಅವರಲ್ಲಿ ಶೇ. 20ರಷ್ಟು ಮಂದಿಗೆ ಮಾತ್ರ. ಉಳಿದವರ ಲಕ್ಷಣಗಳಿಗೆ ಬೇರೆ ಬೇರೆ ಕಾರಣ ಬರೆಯಲಾಗಿತ್ತು, ಇಲ್ಲವೇ ಏನನ್ನೂ ಬರೆದಿರಲಿಲ್ಲ. ಕುಡಿದವನ ಓಲಾಟ ಮತ್ತು ಈ ರೋಗದ ಓಲಾಟ ನೋಡುವವರ ಕಣ್ಣಿಗೆ ಒಂದೇ ಎನ್ನುವುದು ಈ ತಪ್ಪಿಗೆ ಮುಖ್ಯ ಕಾರಣ. ಕುಡಿತದ ಸೋಂಕೇ ಇಲ್ಲದವರಿಗೂ ಇದು ಬರುತ್ತದೆ ಎಂಬುದು ಹೊಳೆಯದೇ ಹೋಗುವುದು ಇನ್ನೊಂದು.

ಗುರುತಿಸುವುದು

ಮುಂಬೈಯ ಉಪನಗರ ಬೊರಿವಲಿಯ ಪೂರ್ವಭಾಗದ ಚಾಳೊಂದರಿಂದ ಐವತ್ತು ದಾಟಿದ ಒಬ್ಬರನ್ನು ರಿಕ್ಷಾದಲ್ಲಿ ದವಾಖಾನೆಗೆ ಕರೆತಂದಿದ್ದಾರೆ ಎಂದು ಕಲ್ಪಿಸಿಕೊಳ್ಳೋಣ. ಹಲವು ವರ್ಷಗಳ ಕುಡಿತ. ಕಳೆದ ಮೂರು ವಾರ ಊಟ ಬಿಟ್ಟು ಚಹಾ ಮತ್ತು ಕ್ವಾರ್ಟರ್ ಮದ್ಯದಲ್ಲೇ ದಿನ ತಳ್ಳಿದ್ದಾರೆ. ನಾಲ್ಕು ದಿನದಿಂದ ವಾಂತಿ, ಹಾಗಾಗಿ ಕುಡಿಯುವುದೂ ನಿಂತಿದೆ. ಜೊತೆಗೆ ಬಂದ ಮಗ ಹೇಳುತ್ತಾನೆ: "ಪಪ್ಪ ಮುಟ್ಟಿ ನಾಲ್ಕು ದಿನ ಆಯ್ತು ಡಾಕ್ಟ್ರೇ, ಆದ್ರೂ ಕುಡಿದವರ ಹಾಗೇ ನಡೀತಿದ್ದಾರೆ." ರೋಗನಿರ್ಣಯದ ಅರ್ಧ ಈ ಒಂದು ಮಾತಿನಲ್ಲಿದೆ. ಕಿವಿಗೊಟ್ಟು ಕೇಳುವವರು ಇದ್ದರೆ ಉಳಿದರ್ಧಕ್ಕೆ ಐದು ನಿಮಿಷ ಸಾಕು.

ಮೊದಲು ಕಣ್ಣು. ರೋಗಿಯ ಮುಖದ ಮುಂದೆ ಬೆರಳು ಹಿಡಿದು, ತಲೆ ಆಡಿಸದೆ ಕಣ್ಣಲ್ಲೇ ಹಿಂಬಾಲಿಸಲು ಹೇಳಬೇಕು. ಬೆರಳು ಎಡಕ್ಕೋ ಬಲಕ್ಕೋ ಸರಿದಂತೆ ಕಣ್ಣುಗುಡ್ಡೆಗಳು ಸಣ್ಣ ಸಣ್ಣ ಜಿಗಿತಗಳಲ್ಲಿ ನಡುಗುತ್ತವೆ. ಈ ರೋಗದಲ್ಲಿ ಅತಿ ಹೆಚ್ಚು ಕಾಣುವ ಕಣ್ಣಿನ ಲಕ್ಷಣ ಇದೇ. ಕೆಲವರಲ್ಲಿ ಗುಡ್ಡೆ ಹೊರಮೂಲೆಯವರೆಗೆ ಹೋಗುವುದೇ ಇಲ್ಲ, ಒಂದು ವಸ್ತು ಎರಡಾಗಿ ಕಾಣುತ್ತದೆ. ಎರಡೂ ಕಣ್ಣು ಪೂರ್ತಿ ಕಟ್ಟಿಹಾಕಿದಂತೆ ನಿಂತುಬಿಡುವುದು ಅಪರೂಪ. ಆಮೇಲೆ ನಡಿಗೆ. ಕಾಲುಗಳನ್ನು ಅಗಲಿಸಿ, ಸಣ್ಣ ಹೆಜ್ಜೆ ಇಡುತ್ತಾ, ಗೋಡೆ ಹುಡುಕುತ್ತಾ ನಡೆಯುತ್ತಾರೆ. ಹಿಮ್ಮಡಿಗೆ ತುದಿಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಿರಿ ಎಂದರೆ ಬೀಳುತ್ತಾರೆ. ಮಲಗಿಸಿ ನೋಡಿದರೆ ಕೈಗಳು ಬಹುಮಟ್ಟಿಗೆ ಸರಿಯಾಗಿಯೇ ಇರಬಹುದು. ಹಾಗಾಗಿ ಮಂಚದಿಂದ ಇಳಿಸಿ ನಿಲ್ಲಿಸದೆ ಈ ಲಕ್ಷಣ ಸಿಗುವುದಿಲ್ಲ. ತುಂಬಿ ತುಳುಕುವ ವಾರ್ಡಿನಲ್ಲಿ ರೋಗಿಯನ್ನು ನಿಲ್ಲಿಸಿ ನೋಡುವವರು ಕಡಿಮೆ. ಮೂರನೆಯದು ಮನಸ್ಸಿನ ಮಬ್ಬು. ಇವರು ಕಿರುಚಾಡುವುದಿಲ್ಲ, ಉದಾಸೀನವಾಗಿ ಬಿದ್ದುಕೊಂಡಿರುತ್ತಾರೆ. ಇವತ್ತು ಯಾವ ವಾರ ಎಂದರೆ ಯೋಚಿಸಿ ತಪ್ಪು ಹೇಳುತ್ತಾರೆ, ಪ್ರಶ್ನೆ ಮುಗಿಯುವ ಮೊದಲೇ ಕಣ್ಣು ಮುಚ್ಚುತ್ತಾರೆ.

ಕಣ್ಣು, ನಡಿಗೆ, ಗೊಂದಲ: ಈ ಮೂರನ್ನು ವೈದ್ಯವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆ ಬಾಯಿಪಾಠವೇ ಅನೇಕ ರೋಗಿಗಳಿಗೆ ಮುಳುವಾಗಿದೆ. ಹಾರ್ಪರ್ ಲೆಕ್ಕದಲ್ಲಿ ಮೂರೂ ಲಕ್ಷಣ ಒಟ್ಟಿಗೆ ದಾಖಲಾಗಿದ್ದುದು ಶೇ. 16 ಮಂದಿಯಲ್ಲಿ ಮಾತ್ರ, ಶೇ. 19 ಮಂದಿಯಲ್ಲಿ ಮೂರರಲ್ಲಿ ಒಂದೂ ದಾಖಲಾಗಿರಲಿಲ್ಲ. ಮೂರೂ ಕೂಡಿ ಬರಲಿ ಎಂದು ಕಾಯುವವರು ಆರರಲ್ಲಿ ಐದು ರೋಗಿಗಳನ್ನು ಬಿಟ್ಟುಬಿಡುತ್ತಾರೆ ಎಂದಾಯಿತು. ಇದರಿಂದಾಗಿ 1997ರಲ್ಲಿ ಕೇನ್ ಮತ್ತು ಸಂಗಡಿಗರು, ಕುಡಿತದ ಹಿನ್ನೆಲೆ ಇರುವವರಿಗಾಗಿ ಸಡಿಲವಾದ ಸೂತ್ರವೊಂದನ್ನು ಕೊಟ್ಟರು. ಆಹಾರದ ಕೊರತೆ, ಕಣ್ಣಿನ ಚಲನೆಯ ದೋಷ, ಓಲಾಟ, ಮನಸ್ಸಿನ ಮಬ್ಬು ಅಥವಾ ಸಣ್ಣ ಮರೆವು: ಈ ನಾಲ್ಕರಲ್ಲಿ ಎರಡಿದ್ದರೆ ವೆರ್ನಿಕೆ ಎಂದೇ ತಿಳಿದು ಮದ್ದು ಶುರು ಮಾಡಬೇಕು. ಕುಡಿಯದವರಿಗೂ ಈಗ ಇದನ್ನೇ ಬಳಸುವುದು ರೂಢಿ. ಮೈ ತಣ್ಣಗಾಗುವುದು, ರಕ್ತದೊತ್ತಡ ಇಳಿಯುವುದು, ಕಾರಣ ತಿಳಿಯದ ಲ್ಯಾಕ್ಟಿಕ್ ಆಮ್ಲದ ಏರಿಕೆ, ಕಿವಿ ಮಂದವಾಗುವುದು, ಒಮ್ಮೆಲೇ ಪ್ರಜ್ಞೆ ತಪ್ಪುವುದು ಇವೂ ಆಗೊಮ್ಮೆ ಈಗೊಮ್ಮೆ ಮೊದಲ ಸುಳಿವಾಗುತ್ತವೆ.

ಇದನ್ನೇ ಹೋಲುವ ಬೇರೆ ಕಾಯಿಲೆಗಳನ್ನೂ ನೆನಪಿಡಬೇಕು. ಮುಂಬೈಯ ಮಳೆಗಾಲದಲ್ಲಿ ವಾಂತಿ, ಮಬ್ಬು ಎಂದು ಬರುವವರಿಗೆ ಮಲೇರಿಯಾ, ಲೆಪ್ಟೊಸ್ಪೈರೋಸಿಸ್ ಇರಬಹುದು. ಕುಡಿಯುವವರು ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿರಬಹುದು, ಯಕೃತ್ತು ಸೋತು ಮಂಕು ಕವಿದಿರಬಹುದು, ಕುಡಿತ ನಿಂತದ್ದರಿಂದಲೇ ಸನ್ನಿ ಹಿಡಿದಿರಬಹುದು. ಸನ್ನಿಯಲ್ಲಿ ನಡುಕ, ಬೆವರು, ಇಲ್ಲದ್ದು ಕಾಣುವುದು, ರಂಪ ಹೆಚ್ಚು. ಕಳ್ಳಭಟ್ಟಿಯ ಮೆಥನಾಲ್ ವಿಷ ಇನ್ನೊಂದು. 2015ರ ಜೂನ್‌ನಲ್ಲಿ ಬೊರಿವಲಿಯಿಂದ ಕೆಲವೇ ಸ್ಟೇಷನ್ ಆಚೆ, ಮಲಾಡ್ ಪಶ್ಚಿಮದ ಮಾಲ್ವಣಿಯಲ್ಲಿ ಇದು ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಮೆಥನಾಲ್ ಕೆಡಿಸುವುದು ದೃಷ್ಟಿಯನ್ನು, ರೋಗಿ ಕಣ್ಣು ಮಂಜಾಯಿತು ಎನ್ನುತ್ತಾನೆ. ವೆರ್ನಿಕೆ ಕೆಡಿಸುವುದು ಸಾಮಾನ್ಯವಾಗಿ ಗುಡ್ಡೆಯ ಚಲನೆಯನ್ನು. ಆದರೆ ಇವುಗಳಲ್ಲಿ ಒಂದು ಇದೆ ಎಂದರೆ ಇನ್ನೊಂದು ಇಲ್ಲ ಎಂದೇನೂ ಅಲ್ಲ. ತಲೆಗೆ ಪೆಟ್ಟಾದ ಕುಡುಕನಿಗೆ ಥಯಾಮಿನ್ ಕೊರತೆಯೂ ಇರುವುದು ಧಾರಾಳವಾಗಿ ಉಂಟು. ಮಬ್ಬಿಗೆ ಒಂದು ಕಾರಣ ಸಿಕ್ಕಿದ ಕೂಡಲೇ ಹುಡುಕುವುದು ನಿಂತುಬಿಡುತ್ತದೆ. ವೆರ್ನಿಕೆ ಕೈತಪ್ಪುವ ಸಂದಿ ಅದು.

ಮಿದುಳಿಗೆ ಆಗುವುದೇನು

ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟಿದ್ದರೂ ದೇಹದ ಶಕ್ತಿಯ ಐದರಲ್ಲೊಂದು ಪಾಲನ್ನು ತಿನ್ನುತ್ತದೆ, ಅದೂ ಬಹುತೇಕ ಗ್ಲೂಕೋಸಿನಿಂದ. ಗ್ಲೂಕೋಸನ್ನು ಒಡೆದು ಶಕ್ತಿ ತೆಗೆಯುವ ದಾರಿಯಲ್ಲಿ ಎರಡು ಮುಖ್ಯ ಕಿಣ್ವಗಳಿಗೆ ಥಯಾಮಿನ್ ಇಲ್ಲದೆ ಕೈ ಆಡುವುದಿಲ್ಲ: ಪೈರುವೇಟ್ ಡಿಹೈಡ್ರೋಜಿನೇಸ್ ಮತ್ತು ಆಲ್ಫಾ-ಕೀಟೋಗ್ಲುಟರೇಟ್ ಡಿಹೈಡ್ರೋಜಿನೇಸ್. ಮೂರನೆಯ ಟ್ರಾನ್ಸ್‌ಕೀಟೋಲೇಸ್ ಬೇರೊಂದು ದಾರಿಯದು. ಥಯಾಮಿನ್ ಮುಗಿದಾಗ ಗ್ಲೂಕೋಸ್ ಅರ್ಧದಾರಿಯಲ್ಲಿ ಸಿಕ್ಕಿಹಾಕಿಕೊಂಡು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಜೀವಕೋಶಗಳು ಉಪವಾಸ ಬಿದ್ದು, ಬಾತು, ಸಾಯತೊಡಗುತ್ತವೆ. ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ 1930ರ ದಶಕದಲ್ಲಿ ಪಾರಿವಾಳಗಳ ಮಿದುಳಿನಲ್ಲಿ ಇದನ್ನು ತೋರಿಸಿದರು. ಕಣ್ಣಿಗೆ ಕಾಣುವ ಗಾಯಕ್ಕಿಂತ ಮೊದಲೇ ರಾಸಾಯನಿಕ ಗಾಯವೊಂದು ಇರುತ್ತದೆ, ಆ ಹಂತದಲ್ಲಿ ವಿಟಮಿನ್ ಕೊಟ್ಟರೆ ಅದು ಮಾಯುತ್ತದೆ ಎಂಬುದು ಅವರ ಕೆಲಸದಿಂದ ಹೊರಬಂದ ತಿಳಿವು. ಈಗಲೂ ಚಿಕಿತ್ಸೆಯ ಅವಸರಕ್ಕೆ ಆಧಾರ ಅದೇ.

ಪೆಟ್ಟು ಬೀಳುವುದು ಮಿದುಳಿನ ನಡುಗೆರೆಯ ಆಚೀಚೆ, ಎರಡೂ ಬದಿಗೆ ಸಮನಾಗಿ. ಥಲಾಮಸ್‌ನ ಒಳಭಾಗ, ಮ್ಯಾಮಿಲರಿ ಕಾಯಗಳು ಎಂಬ ಕಡಲೆಕಾಳಿನಷ್ಟು ಸಣ್ಣ ಎರಡು ಗಂಟುಗಳು, ಮಿದುಳಿನ ಕಾಂಡದೊಳಗಿನ ಕಿರುಗಾಲುವೆಯ ಸುತ್ತಲ ಬೂದುಭಾಗ, ಕಿರುಮಿದುಳಿನ ನಡುಪಟ್ಟಿ. ಕಣ್ಣು ಹೊರಳಿಸುವ ನರಗಳ ಮೂಲ ಕಾಂಡದಲ್ಲಿದೆ, ನಿಲುವು ಕಾಯುವುದು ಕಿರುಮಿದುಳು, ಹೊಸ ನೆನಪು ಅಚ್ಚಾಗುವ ದಾರಿ ಥಲಾಮಸ್ ಮತ್ತು ಆ ಎರಡು ಗಂಟುಗಳ ಮೂಲಕ ಹಾಯುತ್ತದೆ. ಲಕ್ಷಣಗಳೆಲ್ಲ ಈ ನಕಾಶೆಯಿಂದಲೇ ಹುಟ್ಟಿದವು.

ದೇಹದ ಒಟ್ಟು ದಾಸ್ತಾನು ಸುಮಾರು 30 ಮಿಲಿಗ್ರಾಂ, ದಿನದ ಅಗತ್ಯ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ಹೊರಗಿನಿಂದ ಏನೂ ಬರದಿದ್ದರೆ ಎರಡು ಮೂರು ವಾರಗಳಲ್ಲಿ ಖಜಾನೆ ಬರಿದಾಗತೊಡಗುತ್ತದೆ. "ಎಷ್ಟು ದಿನದಿಂದ ಊಟ ಇಲ್ಲ?" ಎಂಬ ಪ್ರಶ್ನೆಗೆ "ಎರಡು ವಾರ" ಎಂಬ ಉತ್ತರ ಬಂದರೆ ಎದ್ದು ಕೂರಬೇಕು.

ಕುಡಿತ ಇಲ್ಲದ ದಾರಿಗಳು

ಮದ್ಯ ನಾಲ್ಕು ಕಡೆಯಿಂದ ಥಯಾಮಿನ್ ಕದಿಯುತ್ತದೆ. ಊಟ ಬಿಡಿಸುತ್ತದೆ, ಕರುಳಿನಲ್ಲಿ ಹೀರಿಕೆ ತಡೆಯುತ್ತದೆ, ಯಕೃತ್ತಿನ ದಾಸ್ತಾನು ಕರಗಿಸುತ್ತದೆ, ಇದ್ದಷ್ಟನ್ನು ಬಳಸಲು ಬೇಕಾದ ಮೆಗ್ನೀಸಿಯಂ ಅನ್ನು ಮೂತ್ರದಲ್ಲಿ ಹರಿಸಿಬಿಡುತ್ತದೆ. ಹಾಗಾಗಿ ರೋಗಿಗಳಲ್ಲಿ ಕುಡಿಯುವವರೇ ಹೆಚ್ಚು. ಆದರೆ 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಈ ರೋಗವನ್ನು ಮೊದಲ ಸಲ ವಿವರವಾಗಿ ಬರೆದಾಗ ಅವನ ಮೂವರು ರೋಗಿಗಳಲ್ಲಿ ಇಬ್ಬರಷ್ಟೇ ಕುಡಿಯುವ ಗಂಡಸರು. ಮೂರನೆಯವಳು ಸಲ್ಫ್ಯೂರಿಕ್ ಆಮ್ಲ ನುಂಗಿ ಬದುಕುಳಿದ ಯುವತಿ, ಬಟ್ಟೆ ಹೊಲಿದು ಬದುಕುತ್ತಿದ್ದವಳು. ಸುಟ್ಟ ಜಠರದ ಬಾಯಿ ಕಿರಿದಾಗಿ ವಾರಗಟ್ಟಲೆ ವಾಂತಿ ಮಾಡಿಕೊಂಡಳು. ಆಮೇಲೆ ಕಣ್ಣು ನಿಂತಿತು, ಕಾಲು ತಪ್ಪಿತು, ಪ್ರಜ್ಞೆ ಹೋಯಿತು. ರೋಗದ ಹೆಸರಿನ ಜೊತೆಗೇ ಅವಳ ಪಾಠವೂ ಇತ್ತು. ಮುಂದಿನ ತಲೆಮಾರುಗಳು ಹೆಸರನ್ನು ಇಟ್ಟುಕೊಂಡು ಅವಳನ್ನು ಮರೆತವು.

ಅವಳದೇ ದಾರಿಯಲ್ಲಿ ಇಂದು ಬರುವವರು ಬಸುರಿ ವಾಂತಿ ಹಠ ಹಿಡಿದ ಹೆಂಗಸರು. ಮೂರನೆಯ ತಿಂಗಳಲ್ಲಿ ನೀರೂ ನಿಲ್ಲದೆ ಸೊರಗಿದವರಿಗೆ ನರ್ಸಿಂಗ್ ಹೋಮಿನಲ್ಲಿ ಡೆಕ್ಸ್‌ಟ್ರೋಸ್ ಬಾಟಲಿ ಏರಿಸುತ್ತಾರೆ, ಒಂದೆರಡು ದಿನದಲ್ಲಿ ಅವರು ಮಂಕಾಗುತ್ತಾರೆ. "ತುಂಬಾ ಸುಸ್ತಾಗಿದ್ದಾಳೆ, ಮಲಗಲಿ ಬಿಡಿ" ಎಂದು ಅತ್ತೆ ಹೇಳುವ ಮಾತು ಸಹಜವೇ. ಕಣ್ಣುಗುಡ್ಡೆ ನೋಡಬೇಕಾದವರು ನೋಡಬೇಕು. ತೂಕ ಇಳಿಸುವ ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಂಬೈಯಲ್ಲಿ ಈಗ ಸಾಮಾನ್ಯ. ಅದಾಗಿ ಒಂದರಿಂದ ಮೂರು ತಿಂಗಳೊಳಗೆ ವಾಂತಿ ಶುರುವಾದವರಲ್ಲಿ ಈ ರೋಗದ ಭಯ ಹೆಚ್ಚು. ಜಠರದ ಕ್ಯಾನ್ಸರ್, ಕೀಮೋಥೆರಪಿ, ಡಯಾಲಿಸಿಸ್, ವಿಟಮಿನ್ ಬೆರೆಸದೆ ರಕ್ತನಾಳದ ಮೂಲಕ ಕೊಡುವ ಆಹಾರ, ಹಸಿವು ಸತ್ತ ಖಿನ್ನತೆ ಇವೆಲ್ಲ ಇದೇ ಪಟ್ಟಿಗೆ ಸೇರಿದವು.

ಉಪವಾಸದ ಮಾತು ಬೊರಿವಲಿಯಲ್ಲಿ ಬೇರೆಯಾಗಿಯೇ ಹೇಳಬೇಕು, ಗುಜರಾತಿ ಜೈನರ ದೊಡ್ಡ ವಸತಿ ಇಲ್ಲಿದೆ. ಪರ್ಯುಷಣ ಹಬ್ಬದ ಎಂಟು ದಿನದ ಅಠ್ಠಾಯಿ ಉಪವಾಸದಿಂದ ಆರೋಗ್ಯವಂತರ ಥಯಾಮಿನ್ ದಾಸ್ತಾನು ಬರಿದಾಗುವುದಿಲ್ಲ. ಬರೀ ಕಾಯಿಸಿದ ನೀರಿನ ಮೇಲೆ ತಿಂಗಳು ಕಳೆಯುವ ಮಾಸಖಮಣದ ಲೆಕ್ಕ ಬೇರೆ, ಅದು ದಾಸ್ತಾನಿನ ಗಡುವನ್ನು ದಾಟುತ್ತದೆ. ಅಪಾಯದ ಗಳಿಗೆ ಉಪವಾಸ ಮುರಿಯುವಾಗ ಬರುತ್ತದೆ. ಒಮ್ಮೆಲೇ ಸಿಹಿ, ಹಣ್ಣಿನ ರಸ, ಅನ್ನ ಹೊಟ್ಟೆಗೆ ಬಿದ್ದರೆ ಉಳಿದ ಚೂರುಪಾರು ಥಯಾಮಿನ್ ಆ ಸಕ್ಕರೆಯನ್ನು ಸುಡುವುದರಲ್ಲೇ ಮುಗಿಯುತ್ತದೆ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕೂಡ ಕುಸಿಯುತ್ತವೆ. ಪಾರಣೆಯನ್ನು ಹೆಸರುಕಾಳು ಬೇಯಿಸಿದ ನೀರಿನಿಂದ ನಿಧಾನವಾಗಿ ಶುರು ಮಾಡುವ ಹಿರಿಯರ ಪದ್ಧತಿ ಈ ದೃಷ್ಟಿಯಿಂದ ಜಾಣತನದ್ದು. ದೀರ್ಘ ತಪಸ್ಸಿಗೆ ಕೂತವರ ಮನೆಯವರು ಪಾರಣೆಗೆ ಮೊದಲು ವೈದ್ಯರನ್ನು ಕಂಡು ಬಿ1 ಬಗ್ಗೆ ಕೇಳುವುದು ಒಳ್ಳೆಯದು.

ಎಳೆಮಕ್ಕಳ ಕತೆ ಕರ್ನಾಟಕಕ್ಕೇ ಹತ್ತಿರದ್ದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು, ಎದೆಹಾಲು ಮಾತ್ರ ಕುಡಿಯುವ ಕೆಲವು ತಿಂಗಳ ಶಿಶುಗಳು ಇದ್ದಕ್ಕಿದ್ದಂತೆ ಉಸಿರು ಕಟ್ಟಿ, ಶ್ವಾಸಕೋಶದ ರಕ್ತದೊತ್ತಡ ವಿಪರೀತ ಏರಿ ಬರುವುದನ್ನು ಗಮನಿಸಿ 2021ರಲ್ಲಿ ವರದಿ ಮಾಡಿದರು. ಥಯಾಮಿನ್ ಕೊಟ್ಟರೆ ಮಕ್ಕಳು ಚೇತರಿಸಿಕೊಳ್ಳುತ್ತಿದ್ದವು. ತಾಯಂದಿರು ಬಾಣಂತಿ ಪಥ್ಯದಲ್ಲಿದ್ದವರು. ಕಾಳು ವಾಯು, ತರಕಾರಿ ಶೀತ ಎಂದು ಎಲ್ಲ ಬಿಡಿಸಿ ಪಾಲಿಶ್ ಅಕ್ಕಿಯ ಅನ್ನದ ಮೇಲೆಯೇ ಅವರ ದಿನ ಹೋಗುತ್ತಿತ್ತು. ತಾಯಿಯ ಹಾಲಿನಲ್ಲಿ ಥಯಾಮಿನ್ ಇಲ್ಲದ ಮೇಲೆ ಮಗುವಿಗೆ ಬೇರೆ ಮೂಲ ಎಲ್ಲಿಯದು? ಇದು ಮೊದಲಿಗೆ ಹೃದಯದ ತೊಂದರೆ. ಆದರೆ ಅದೇ ಕೊರತೆ ಶಿಶುವಿನ ಮಿದುಳಿಗೆ ಬಂದರೆ ರೆಪ್ಪೆ ಜೋಲುತ್ತದೆ, ವಾಂತಿ, ಫಿಟ್ಸ್, ಮಂಕು ಬರುತ್ತವೆ, ಅಳುವಿನ ದನಿಯೇ ಹೂತುಹೋಗುತ್ತದೆ. ಬಾಯಿ ತೆರೆದು ಅಳುವ ಮಗುವಿನ ಸದ್ದು ಕೇಳದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಇಸ್ರೇಲಿನಲ್ಲಿ 2003ರಲ್ಲಿ ಶಿಶುಗಳ ಸೋಯಾ ಪುಡಿಯೊಂದರಲ್ಲಿ ಥಯಾಮಿನ್ ಇಲ್ಲದೇ ಹೋಗಿ ಮಕ್ಕಳು ಸತ್ತದ್ದೂ, ಬದುಕಿದ ಕೆಲವರಿಗೆ ಮಾತು, ನಡೆ ಕುಂಠಿತವಾದದ್ದೂ ದಾಖಲಾಗಿದೆ. ಇದಲ್ಲದೆ ಥಯಾಮಿನನ್ನು ಕೋಶದೊಳಗೆ ಸಾಗಿಸುವ ವಂಶವಾಹಿಯೇ ಕೆಟ್ಟಿರುವ ಅಪರೂಪದ ಮಕ್ಕಳಿದ್ದಾರೆ. ಅವರಿಗೆ ಬಯೋಟಿನ್ ಮತ್ತು ಹೆಚ್ಚಿನ ಪ್ರಮಾಣದ ಥಯಾಮಿನ್ ಜೀವನಪೂರ್ತಿ ಬೇಕು.

ಅಕ್ಕಿಯ ಜಾಡು

ಈ ರೋಗದ ಚರಿತ್ರೆ ಹೆಚ್ಚುಕಡಿಮೆ ಅಕ್ಕಿ ಗಿರಣಿಯ ಚರಿತ್ರೆ. ಥಯಾಮಿನ್ ಇರುವುದು ಅಕ್ಕಿಯ ತೌಡು ಮತ್ತು ಮೊಳಕೆಯ ಕಣ್ಣಿನಲ್ಲಿ. ಉಗಿಯಂತ್ರದ ಗಿರಣಿ ಬಂದು ಅಕ್ಕಿ ಮಲ್ಲಿಗೆಯಷ್ಟು ಬೆಳ್ಳಗಾದಾಗ ಆ ತೌಡು ದನದ ಬಾನಿಗೆ ಹೋಯಿತು. ಜಪಾನಿನ ಯುದ್ಧನೌಕೆ ರ್ಯೂಜೋ 1883ರಲ್ಲಿ ದೀರ್ಘ ಪ್ರಯಾಣ ಮುಗಿಸುವಷ್ಟರಲ್ಲಿ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ಹಿಡಿದು 25 ಮಂದಿ ಸತ್ತಿದ್ದರು. ನೌಕಾದಳದ ವೈದ್ಯ ತಕಾಕಿ ಕನೆಹಿರೊ ಮರುವರ್ಷ ತ್ಸುಕುಬಾ ಎಂಬ ಹಡಗನ್ನು ಅದೇ ದಾರಿಯಲ್ಲಿ, ಊಟ ಬದಲಿಸಿ ಕಳಿಸಿದರು. ಒಬ್ಬರೂ ಸಾಯಲಿಲ್ಲ. ಪ್ರೋಟೀನ್ ಸಿಕ್ಕಿದ್ದರಿಂದ ಹಾಗಾಯಿತು ಎಂದು ಅವರು ತಿಳಿದರು. ಕಾರಣ ತಪ್ಪು, ಫಲ ಸರಿ.

ಜಾವಾದ ಬಟಾವಿಯಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್‌ಗೆ ಸುಳಿವು ಕೊಟ್ಟದ್ದು ಒಬ್ಬ ಅಡುಗೆಯವ. ಪ್ರಯೋಗಾಲಯದ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು, ಅವುಗಳ ಕಾಲು ಸೋತು ಬೀಳುತ್ತಿದ್ದವು. ಹೊಸದಾಗಿ ಬಂದ ಅಡುಗೆಯವನು ಸರಕಾರಿ ಅನ್ನ ಹೊರಗಿನ ಕೋಳಿಗಳಿಗೆ ಏಕೆ ಎಂದು ಕೊಡುವುದು ನಿಲ್ಲಿಸಿದ. ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿತು, ಎದ್ದು ಓಡಾಡಿದವು. ಬಿಳಿ ಅಕ್ಕಿಯಲ್ಲಿ ವಿಷವಿದೆ ಎಂದು ಐಕ್‌ಮನ್ ಊಹಿಸಿದರು. ವಿಷವಿಲ್ಲ, ಏನೋ ಒಂದು ಕಾಣೆಯಾಗಿದೆ ಎಂದು 1901ರಲ್ಲಿ ಸರಿಪಡಿಸಿದವರು ಗೆರಿಟ್ ಗ್ರಿನ್ಸ್. 1929ರ ನೊಬೆಲ್ ಐಕ್‌ಮನ್‌ಗೆ ಹೋಯಿತು. ಅದೇ ಜಾವಾದಲ್ಲಿ ಯಾನ್ಸೆನ್ ಮತ್ತು ಡೊನಾತ್ 1926ರಲ್ಲಿ ತೌಡಿನಿಂದ ಥಯಾಮಿನ್ ಹರಳು ತೆಗೆದರು. 1936ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನೆಲ್ಲೂರಿನಲ್ಲಿ, ಮಿಷನರಿ ತಂದೆತಾಯಿಗೆ.

ನಮ್ಮ ದೇಶದಲ್ಲಿ ಬೆರಿಬೆರಿ ಕಾಡಿದ್ದು ಮುಖ್ಯವಾಗಿ ಆಂಧ್ರದ ಕರಾವಳಿಯನ್ನು. ಅದನ್ನು ಶೋಧಿಸಲು ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ ಬೆರಿಬೆರಿ ವಿಚಾರಣೆ ಎಂಬ ಘಟಕ ತೆರೆದರು. ಹೈದರಾಬಾದಿಗೆ 1958ರಲ್ಲಿ ಸ್ಥಳಾಂತರವಾಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿಕೊಂಡದ್ದು ಅದೇ. ಅವರ ನಂತರ ಬಂದ ಡಬ್ಲ್ಯು. ಆರ್. ಆಯ್ಕ್ರಾಯ್ಡ್, ಹಸಿ ಅಕ್ಕಿಯನ್ನು ನುಣ್ಣಗೆ ಪಾಲಿಶ್ ಮಾಡಿ ತಿನ್ನುವಲ್ಲಿ ಬೆರಿಬೆರಿ ಇದೆ, ಕುಚಲಕ್ಕಿ ತಿನ್ನುವಲ್ಲಿ ಇಲ್ಲ ಎಂಬುದರ ಕಾರಣ ಬಿಡಿಸಿದರು. ಬತ್ತವನ್ನು ನೆನೆಸಿ ಬೇಯಿಸುವಾಗ ತೌಡಿನ ಥಯಾಮಿನ್ ಕರಗಿ ಕಾಳಿನೊಳಕ್ಕೆ ಇಳಿದು ಕೂರುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ, ಅಕ್ಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳಲ್ಲಿ ಬೆಳಗಿನ ಗಂಜಿಗೆ ತೆಳಿ ಸಮೇತ ಕುಚಲಕ್ಕಿ ಉಂಡವರು ಇದನ್ನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಗೋಧಿಯಲ್ಲೂ ಇದೇ ಪಾಠ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತದ ಪೂನಾ ಡಿವಿಷನ್ ಎಂಬ ಸೇನಾವಿಭಾಗ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ತನಕ ಇರಾಕಿನ ಕುತ್‌ನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತ್ತು. ಬಿಳಿ ಮೈದಾ ತಿಂದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ಬಂತು. ಆಟ್ಟಾ ರೊಟ್ಟಿ ತಿಂದ ಭಾರತೀಯರಿಗೆ ಅದು ಬರಲಿಲ್ಲ, ಕುದುರೆ ಮಾಂಸ ಒಲ್ಲೆನೆಂದದ್ದಕ್ಕೆ ಸ್ಕರ್ವಿ ಬಂತು. ಮಿದುಳಿನ ರೋಗ ಮತ್ತು ಬೆರಿಬೆರಿ ಒಂದೇ ಬೇರಿನವು ಎಂದು ಗಟ್ಟಿಯಾದದ್ದೂ ಯುದ್ಧದಲ್ಲೇ, ಎರಡನೆಯ ಮಹಾಯುದ್ಧದಲ್ಲಿ. ಸಿಂಗಪುರ 1942ರ ಫೆಬ್ರವರಿಯಲ್ಲಿ ಜಪಾನಿಗಳ ವಶವಾಗಿ ಸುಮಾರು ಆರು ವಾರಕ್ಕೆ ಚಾಂಗಿ ಸೆರೆಶಿಬಿರದಲ್ಲಿ ಮೊದಲ ರೋಗಿ ಕಾಣಿಸಿಕೊಂಡ. ಅಲ್ಲಿ ಮದ್ಯದ ಹನಿ ಇರಲಿಲ್ಲ. ಬಿಳಿ ಅಕ್ಕಿ, ಆಮಶಂಕೆ ಎರಡೇ. ಸೆರೆಯಾಳು ವೈದ್ಯರಾದ ಡಿ ವಾರ್ಡನರ್ ಮತ್ತು ಲೆನಾಕ್ಸ್ 52 ಮಂದಿಯ ಟಿಪ್ಪಣಿ ಬರೆದು, ಪೆಟ್ರೋಲ್ ಡಬ್ಬದಲ್ಲಿ ಮುಚ್ಚಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ಅಗೆದು ತೆಗೆದು 1947ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಪರೀಕ್ಷೆಗಳು

ರಕ್ತದಲ್ಲಿ ಥಯಾಮಿನ್ ಡೈಫಾಸ್ಫೇಟ್ ಅಳೆಯಬಹುದು, ಕೆಂಪು ರಕ್ತಕಣದ ಟ್ರಾನ್ಸ್‌ಕೀಟೋಲೇಸ್ ಚಟುವಟಿಕೆ ನೋಡಬಹುದು. ಫಲಿತಾಂಶಕ್ಕೆ ದಿನಗಳು ಹಿಡಿಯುತ್ತವೆ, ರೋಗ ಅಷ್ಟು ದಿನ ಕಾಯುವುದಿಲ್ಲ. ರಕ್ತ ತೆಗೆದಿಡಬೇಕೆಂದರೆ ಮೊದಲ ಸೂಜಿಗಿಂತ ಮುಂಚೆ ತೆಗೆದಿಟ್ಟು, ಸೂಜಿ ಕೊಟ್ಟುಬಿಡಬೇಕು. ಎಂ.ಆರ್.ಐ. ಚಿತ್ರದಲ್ಲಿ ಮೇಲೆ ಹೇಳಿದ ಜಾಗಗಳು ಎರಡೂ ಬದಿ ಬೆಳ್ಳಗೆ ಹೊಳೆದರೆ ರೋಗ ಬಹುಮಟ್ಟಿಗೆ ಖಚಿತ. ಹೊಳೆಯದಿದ್ದರೆ ಏನೂ ತೀರ್ಮಾನವಾಗದು, ಸುಮಾರು ಅರ್ಧದಷ್ಟು ರೋಗಿಗಳ ಚಿತ್ರ ಸರಿಯಾಗಿಯೇ ಇರುತ್ತದೆ. ಸಿ.ಟಿ. ಸ್ಕ್ಯಾನ್ ಇಲ್ಲಿ ತಲೆಪೆಟ್ಟನ್ನು ತಳ್ಳಿಹಾಕಲಷ್ಟೇ ಉಪಯೋಗ. ಥಯಾಮಿನ್ ಕೊಟ್ಟ ಮೇಲೆ ಕಣ್ಣು ತಿರುಗತೊಡಗಿದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಚಿಕಿತ್ಸೆ

ಅನುಮಾನ ಬಂದ ಗಳಿಗೆಯಲ್ಲೇ ರಕ್ತನಾಳದ ಮೂಲಕ ಥಯಾಮಿನ್. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನ ಸಲಹೆಯಿಂದ ಬಂದ ರೂಢಿ ಹೀಗಿದೆ: 500 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಎರಡು ಮೂರು ದಿನ. ಗುಣ ಕಂಡರೆ ಆಮೇಲೆ ದಿನಕ್ಕೆ 250 ಮಿಲಿಗ್ರಾಂ, ಇನ್ನೂ ಮೂರರಿಂದ ಐದು ದಿನ, ಅಥವಾ ಸುಧಾರಣೆ ನಿಲ್ಲುವ ತನಕ. ಯುರೋಪಿನ ನರವೈದ್ಯರ ಒಕ್ಕೂಟ 2010ರಲ್ಲಿ ಹೇಳಿದ್ದು 200 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ನೂರು ಮಿಲಿಲೀಟರ್ ಸಲೈನಿನಲ್ಲಿ ಬೆರೆಸಿ ಅರ್ಧ ತಾಸಿನಲ್ಲಿ ಏರಿಸುತ್ತಾರೆ. ಅಲರ್ಜಿಯ ಆಘಾತ ತೀರಾ ಅಪರೂಪ, ಆದರೂ ಅದಕ್ಕೆ ಬೇಕಾದ ಮದ್ದು ಪಕ್ಕದಲ್ಲಿರಬೇಕು.

ದಿನಕ್ಕೆ ಒಂದು ಮಿಲಿಗ್ರಾಂ ಸಾಕಾಗುವ ವಸ್ತುವನ್ನು ಇಷ್ಟು ಸುರಿಯುವುದೇಕೆ? ಥಯಾಮಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಮೂತ್ರಪಿಂಡ ಹೊರಹಾಕುತ್ತದೆ. ಮಿದುಳಿನ ಬಾಗಿಲಲ್ಲಿ ಒಳಬಿಡುವ ಸಾಗಣೆಯೂ ನಿಧಾನ. ರಕ್ತದಲ್ಲಿ ಪ್ರಮಾಣ ಬಹಳ ಎತ್ತರದಲ್ಲಿದ್ದಾಗ ಮಾತ್ರ ಸಾಕಷ್ಟು ಒಳಗೆ ನುಸುಳುತ್ತದೆ, ಅದಕ್ಕೇ ದಿನಕ್ಕೆ ಮೂರು ಸಲ. ಮಾತ್ರೆ ಇಲ್ಲಿ ಕೆಲಸಕ್ಕೆ ಬಾರದು. ಕುಡಿತದಿಂದ ಕೆಟ್ಟ ಕರುಳು ನೂರು ಮಿಲಿಗ್ರಾಂ ಮಾತ್ರೆಯಿಂದ ಕೆಲವೇ ಮಿಲಿಗ್ರಾಂ ಹೀರುತ್ತದೆ. ಗಲ್ಲಿಯ ದವಾಖಾನೆಗಳಲ್ಲಿ ಸೊಂಟಕ್ಕೆ ಚುಚ್ಚುವ ಕೆಂಪು ಬಣ್ಣದ ಬಿ-ಕಾಂಪ್ಲೆಕ್ಸ್, ಜನ ತಾಕತ್ತಿನ ಸೂಜಿ ಎನ್ನುವಂಥದ್ದು, ಅದರಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಆಸುಪಾಸು ಬಿ1 ಇರುತ್ತದೆ. ಮೂತ್ರ ಹಳದಿಯಾದದ್ದು ನೋಡಿ ಮದ್ದು ಮೈಗೆ ಹತ್ತಿತು ಎಂದು ಸಮಾಧಾನ ಪಡುತ್ತಾರೆ. ಈ ರೋಗಕ್ಕೆ ಅದು ಸಾಲದು. ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಬೇರೇನೂ ಕೈಯಲ್ಲಿ ಇಲ್ಲದಿದ್ದರೆ ಅದನ್ನೇ ಕೊಟ್ಟು, ಕೊಟ್ಟದ್ದನ್ನು ಚೀಟಿಯಲ್ಲಿ ಬರೆದು ಕಳಿಸುವುದು ಏನೂ ಕೊಡದಿರುವುದಕ್ಕಿಂತ ಎಷ್ಟೋ ಮೇಲು.

ಬಾಟಲಿಯ ಸರದಿಯ ವಿಷಯ ಇನ್ನೂ ಮುಖ್ಯ. ನಿಶ್ಶಕ್ತರಾಗಿ ಬಂದವರ ಮನೆಯವರು ಮೊದಲು ಕೇಳುವುದೇ "ಒಂದು ಗ್ಲೂಕೋಸ್ ಹಾಕಿಬಿಡಿ" ಎಂದು. ಥಯಾಮಿನ್ ಇಲ್ಲದ ಮಿದುಳಿಗೆ ಡೆಕ್ಸ್‌ಟ್ರೋಸ್ ಏರಿಸುತ್ತ ಹೋದರೆ ಇದ್ದ ಅಲ್ಪಸ್ವಲ್ಪವೂ ಖರ್ಚಾಗಿ, ಓಲಾಡುತ್ತಿದ್ದವರು ಪ್ರಜ್ಞೆ ತಪ್ಪಬಹುದು. ಥಯಾಮಿನ್ ಮೊದಲು ಅಥವಾ ಜೊತೆಗೆ, ಗ್ಲೂಕೋಸ್ ನಂತರ. ರಕ್ತದ ಸಕ್ಕರೆ ಅಪಾಯಕ್ಕೆ ಇಳಿದಿದ್ದರೆ ಮಾತ್ರ ಥಯಾಮಿನ್‌ಗಾಗಿ ಕಾಯುತ್ತ ಕೂರಬಾರದು, ಗ್ಲೂಕೋಸ್ ಕೂಡಲೇ ಕೊಟ್ಟು ಥಯಾಮಿನನ್ನು ಬೆನ್ನಲ್ಲೇ ಕೊಡಬೇಕು. ಕೆಡುಕು ಮಾಡುವುದು ಬಹುಪಾಲು ಆ ಒಂದು ತುರ್ತು ಸೂಜಿಯಲ್ಲ, ಥಯಾಮಿನ್ ಇಲ್ಲದೆ ದಿನಗಟ್ಟಲೆ ಏರುವ ಡೆಕ್ಸ್‌ಟ್ರೋಸ್.

ಎಷ್ಟು ಥಯಾಮಿನ್ ಕೊಟ್ಟರೂ ಗುಣ ಕಾಣದಿದ್ದರೆ ಮೆಗ್ನೀಸಿಯಂ ನೋಡಬೇಕು. ಅದಿಲ್ಲದೆ ಥಯಾಮಿನ್ ತನ್ನ ಕೆಲಸಕ್ಕೆ ಸಜ್ಜಾಗುವುದಿಲ್ಲ. ಊಟ ನಿಧಾನವಾಗಿ ಹೆಚ್ಚಿಸುತ್ತ ಫಾಸ್ಫೇಟ್, ಪೊಟ್ಯಾಸಿಯಂ ಗಮನಿಸಬೇಕು. ಕುಡಿತ ಬಿಡಿಸಲು ದಾಖಲಾದ, ಸೊರಗಿದ ಯಾರಿಗೇ ಆಗಲಿ ಲಕ್ಷಣ ಕಾಣುವ ಮೊದಲೇ ಸೂಜಿಯಲ್ಲಿ ಥಯಾಮಿನ್ ಕೊಡುವುದು ಒಳ್ಳೆಯ ಆಸ್ಪತ್ರೆಗಳ ಪದ್ಧತಿ.

ಚೇತರಿಕೆಗೆ ಒಂದು ಕ್ರಮವಿದೆ. ಕಟ್ಟಿದ ಕಣ್ಣುಗುಡ್ಡೆ ಕೆಲವು ತಾಸುಗಳಲ್ಲೇ ಬಿಡಿಸಿಕೊಳ್ಳತೊಡಗುತ್ತದೆ. ಬೆಳಿಗ್ಗೆ ಎರಡೆರಡು ಕಾಣುತ್ತಿದ್ದವರು ಸಂಜೆ ಹಾಸಿಗೆ ಪಕ್ಕದ ಮಗನ ಮುಖ ಒಂದೇ ಎಂದು ಹೇಳುವುದುಂಟು. ಗುಡ್ಡೆಯ ಸಣ್ಣ ನಡುಕ ಮಾತ್ರ ಅನೇಕರಲ್ಲಿ ಉಳಿದುಬಿಡುತ್ತದೆ. ಮಬ್ಬು ದಿನಗಳಲ್ಲಿ, ವಾರಗಳಲ್ಲಿ ತಿಳಿಯಾಗುತ್ತದೆ. ಓಲಾಟ ತಿಂಗಳು ತೆಗೆದುಕೊಳ್ಳುತ್ತದೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೂರ್ತಿ ಹೋಗುವುದಿಲ್ಲ.

ಉಳಿಯುವ ಮರೆವು

ಮಬ್ಬು ತಿಳಿಯಾದ ಮೇಲೆ ಅದರಡಿ ಮರೆವು ಕಾಣಿಸುತ್ತದೆ. ಮಾಸ್ಕೋದ ಸೆರ್ಗೆಯ್ ಕೊರ್ಸಕೋವ್ 1887ರಿಂದ ಬರೆದ ಲೇಖನಗಳಲ್ಲಿ ವಿವರಿಸಿದ್ದು ಇದನ್ನೇ. ರೋಗಿ ಎಚ್ಚರವಾಗಿರುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ, ಇಸ್ಪೀಟು ಆಡುತ್ತಾನೆ, ಮೂವತ್ತು ವರ್ಷದ ಹಿಂದಿನ ಊರಿನ ಕಂಬಳ ವರ್ಣಿಸುತ್ತಾನೆ. ಐದು ನಿಮಿಷದ ಹಿಂದೆ ಡಾಕ್ಟರು ಬಂದುಹೋದದ್ದು ಗೊತ್ತಿರುವುದಿಲ್ಲ. ಖಾಲಿ ಜಾಗವನ್ನು ಕೆಲವರು ಕತೆಯಿಂದ ತುಂಬುತ್ತಾರೆ. ತಿಂಗಳಿಂದ ವಾರ್ಡಿನಲ್ಲೇ ಇರುವವರನ್ನು ಬೆಳಿಗ್ಗೆ ಎಲ್ಲಿದ್ದಿರಿ ಎಂದರೆ, ಚರ್ಚ್‌ಗೇಟ್ ಫಾಸ್ಟ್ ಹಿಡಿದು ಅಂಧೇರಿಯಲ್ಲಿ ಇಳಿದೆ, ಗರ್ದಿಯಲ್ಲಿ ಚಪ್ಪಲಿ ಹೋಯಿತು ಎಂದಾರು. ಇದು ಸುಳ್ಳು ಹೇಳುವುದಲ್ಲ. ಮಿದುಳು ಹಳೆಯ ತುಣುಕುಗಳನ್ನು ಹೊಸ ದಿನಕ್ಕೆ ಹೊಲಿದು ಕೊಡುತ್ತದೆ, ರೋಗಿ ಅದನ್ನು ನಂಬಿರುತ್ತಾನೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಜಗಳವೇ ದಿನಚರಿಯಾಗುತ್ತದೆ.

ಮಾರಿಸ್ ವಿಕ್ಟರ್, ರೇಮಂಡ್ ಆಡಮ್ಸ್, ಜಾರ್ಜ್ ಕಾಲಿನ್ಸ್ 245 ರೋಗಿಗಳನ್ನು ಅಭ್ಯಸಿಸಿ 1971ರಲ್ಲಿ ಬರೆದ ಗ್ರಂಥದ ಪ್ರಕಾರ, ತೀವ್ರ ಘಟ್ಟದಲ್ಲೇ ಶೇ. 17ರಷ್ಟು ಮಂದಿ ಸತ್ತಿದ್ದರು, ಬದುಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಮರೆವು ನಿಂತಿತ್ತು. ಹೀಗೆ ಮರೆವು ನಿಂತವರಲ್ಲಿ ಐದರಲ್ಲೊಬ್ಬರಷ್ಟೇ ಪೂರ್ತಿ ಚೇತರಿಸಿಕೊಂಡರು. ಕುಡಿಯುವ ರೋಗಿಗಳ, ಕಡಿಮೆ ಪ್ರಮಾಣದ ಮದ್ದಿನ ಕಾಲದ ಲೆಕ್ಕ ಇದು. ಬೇಗ ಚಿಕಿತ್ಸೆ ಸಿಕ್ಕ, ಕುಡಿಯದ ರೋಗಿಗಳ ಫಲ ಇದಕ್ಕಿಂತ ಚೆನ್ನಾಗಿರುತ್ತದೆ.

ಮರೆವಿಗೆ ನೆಚ್ಚಬಹುದಾದ ಮದ್ದಿಲ್ಲ. ಕುಡಿತ ಪೂರ್ತಿ ನಿಲ್ಲಬೇಕು, ಊಟ ಮತ್ತು ಥಯಾಮಿನ್ ಮಾತ್ರೆ ನಡೆಯಬೇಕು. ಎರಡು ವರ್ಷದ ತನಕ ಸುಧಾರಣೆ ಸಾಧ್ಯ ಎಂದು ಅನುಭವ ಹೇಳುತ್ತದೆ. ಹೊಸ ಸಂಗತಿ ಕಲಿಯಲಾಗದವರೂ ಹೊಸ ಅಭ್ಯಾಸ ಕಲಿಯಬಲ್ಲರು. ವಸ್ತುಗಳು ದಿನವೂ ಅದೇ ಜಾಗದಲ್ಲಿರಲಿ, ಸ್ನಾನ ಊಟ ಅದೇ ಹೊತ್ತಿಗಾಗಲಿ, ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರಲಿ, ಕಿಸೆಯಲ್ಲಿ ಮನೆಯ ವಿಳಾಸದ ಚೀಟಿ ಇರಲಿ. ಮುಂಬೈಯಲ್ಲಿ ಕುಡಿತ ಬಿಡಲು ನೆರವಾಗುವ ಸಂಸ್ಥೆಗಳು ಹಳೆಯವು; ಬಾಂದ್ರಾದ ಕೃಪಾ ಫೌಂಡೇಶನ್ 1981ರಲ್ಲಿ ಶುರುವಾಯಿತು. ಆದರೆ ಮರೆವು ನಿಂತವರಿಗೆ ಅಂಥಲ್ಲಿನ ಸಭೆಯಲ್ಲಿ ಕೇಳಿದ್ದು ಮನೆ ತಲಪುವಷ್ಟರಲ್ಲಿ ಇರುವುದಿಲ್ಲ. ಅವರಿಗೆ ಬೇಕಾದದ್ದು ವರ್ಷಗಟ್ಟಲೆ ಜೊತೆಗಿರುವ ಜನ, ಇಬ್ಬರೂ ದುಡಿಯಲು ಹೋಗುವ ಉಪನಗರದ ಮನೆಯಲ್ಲಿ ಅದೇ ದುರ್ಲಭ.

ತಡೆ

ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಥಯಾಮಿನ್ ಸುಮಾರು 0.05 ಮಿಲಿಗ್ರಾಂ, ಕುಚಲಕ್ಕಿಯಲ್ಲಿ ಅದರ ಮೂರು ಪಟ್ಟು, ರಾಗಿಯಲ್ಲಿ 0.4ರ ಹತ್ತಿರ. ಜೋಳ, ಗೋಧಿ ಹಿಟ್ಟು, ಬೇಳೆಕಾಳು, ಶೇಂಗಾ, ಎಳ್ಳು ಎಲ್ಲದರಲ್ಲೂ ಇದೆ. ಅಕ್ಕಿಯನ್ನು ಏಳು ನೀರಲ್ಲಿ ತೊಳೆಯುವುದು, ಅನ್ನ ಬಸಿದು ತೆಳಿ ಚೆಲ್ಲುವುದು, ಕಾಳು ಬೇಗ ಬೇಯಲೆಂದು ಸೋಡಾ ಹಾಕುವುದು ಇವು ಅದನ್ನು ಕಳೆಯುವ ದಾರಿಗಳು. ಊಟದ ಜೊತೆ ಕಡು ಚಹಾ, ದಿನವಿಡೀ ಅಡಿಕೆ ಜಗಿಯುವುದು ಕೂಡ ಥಯಾಮಿನನ್ನು ಹಾಳುಗೆಡವುತ್ತವೆ. ನೆಟ್ಟಗೆ ಊಟ ಮಾಡುವವರಿಗೆ ಇದರಿಂದ ಏನೂ ಆಗದು, ಅನ್ನ-ಚಹಾದ ಮೇಲೆ ಬದುಕುವವರಿಗೆ ಆಗುತ್ತದೆ.

ಆಸ್ಟ್ರೇಲಿಯಾ 1991ರಲ್ಲಿ ಬ್ರೆಡ್ ಹಿಟ್ಟಿಗೆ ಥಯಾಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು, ಆಮೇಲೆ ಮರಣೋತ್ತರ ಪರೀಕ್ಷೆಗಳಲ್ಲಿ ಈ ರೋಗ ಕಾಣುವುದು ಇಳಿಯಿತು. ನಮ್ಮಲ್ಲಿ ಪಡಿತರದ ಸಾರವರ್ಧಿತ ಅಕ್ಕಿಗೆ ಕಡ್ಡಾಯವಾಗಿ ಸೇರಬೇಕಾದವು ಕಬ್ಬಿಣ, ಫೋಲಿಕ್ ಆಮ್ಲ, ಬಿ12. ಬಿ1 ಐಚ್ಛಿಕ ಪಟ್ಟಿಯಲ್ಲಿದೆ. ಅಕ್ಕಿಗೆ ಇಷ್ಟೆಲ್ಲ ಸೇರಿಸುವವರು, ಗಿರಣಿಯಲ್ಲಿ ತೆಗೆದುಹಾಕಿದ ಬಿ1 ಅನ್ನು ಐಚ್ಛಿಕ ಮಾಡಿದ್ದು ವಿಚಿತ್ರ ಅನಿಸುತ್ತದೆ. ಕರಾವಳಿಯ ಊರುಗಳಿಂದ ಬರುವ ಬಸ್ಸಿನ ಡಿಕ್ಕಿಯಲ್ಲಿ ಬೊರಿವಲಿಗೆ ಇಂದಿಗೂ ಕುಚಲಕ್ಕಿಯ ಚೀಲ ಬರುತ್ತದೆ. ಹಿರಿಯರು ಅದರ ಗಂಜಿ ಉಣ್ಣುತ್ತಾರೆ, ಮೊಮ್ಮಕ್ಕಳು ಮೂಸಿ ನೋಡಿ ಬಿಳಿ ಅನ್ನ ಕೇಳುತ್ತಾರೆ.